ಓದುಗರ ಪ್ರಶ್ನೆ: ರಕ್ತದ ಗುಂಪು ಹೇಳುವ ಊರಿನ ಚರಿತ್ರೆ

ಪ್ರಶ್ನೆ: ಡಿಎನ್‌ಎ ಓದುವ ಯಂತ್ರಗಳಿಲ್ಲದ ಕಾಲದಲ್ಲಿ ತಳಿವಿಜ್ಞಾನಿ ಕವಾಲಿ-ಸ್ಫೋರ್ಜಾ ಅವರು ಜನಸಮುದಾಯಗಳ ಚರಿತ್ರೆಯನ್ನು ಹೇಗೆ ಅಧ್ಯಯನ ಮಾಡಿದರು?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: 1922ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿ, ವೈದ್ಯಶಿಕ್ಷಣ ಪಡೆದು, ಬ್ಯಾಕ್ಟೀರಿಯಾಗಳ ತಳಿವಿಜ್ಞಾನದಿಂದ ಮನುಷ್ಯರತ್ತ ಹೊರಳಿದ ಅವರು, 1950ರ ದಶಕದಲ್ಲಿ ಅದೇ ದೇಶದ ಪಾರ್ಮಾ ಕಣಿವೆಯ ಹಳ್ಳಿಗರ ರಕ್ತದ ಗುಂಪುಗಳನ್ನು ಪರೀಕ್ಷಿಸಿ, ಚರ್ಚುಗಳಲ್ಲಿದ್ದ ಹಳೆಯ ದಾಖಲೆಗಳೊಂದಿಗೆ ತಾಳೆ ನೋಡಿದರು. ಬೆಟ್ಟದ ಮೇಲಿನ ಪುಟ್ಟ ಹಳ್ಳಿಗಳು ರಕ್ತದ ಗುಂಪುಗಳ ಪ್ರಮಾಣದಲ್ಲಿ ಒಂದಕ್ಕಿಂತ ಒಂದು ತೀರ ಭಿನ್ನವಾಗಿದ್ದವು. ಬಯಲಿನ ದೊಡ್ಡ ಊರುಗಳಲ್ಲಿ ಆ ವ್ಯತ್ಯಾಸ ಕಡಿಮೆಯಿತ್ತು. ಸಮುದಾಯ ಚಿಕ್ಕದಾದಷ್ಟೂ ಯಾವ ಜೀನು ಉಳಿಯಬೇಕೆಂಬುದನ್ನು ಆಕಸ್ಮಿಕವೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಪುರಾವೆಯಾಯಿತು. ರಕ್ತಸಂಬಂಧದ ಮದುವೆಗೆ ಕ್ಯಾಥೊಲಿಕ್ ಚರ್ಚಿನ ವಿಶೇಷ ಅನುಮತಿ ಬೇಕಿದ್ದುದರಿಂದ ಆ ಕಡತಗಳೂ ಅವರಿಗೆ ಆಕರವಾದವು. ಅಕ್ಕನ ಮಗಳನ್ನು ತಂದುಕೊಳ್ಳಲು ಹಿರಿಯರ ಒಪ್ಪಿಗೆಯೊಂದೇ ಸಾಕಾಗಿದ್ದ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅಂಥ ಕಡತ ಸಿಗುವುದು ಕಷ್ಟವೇ.