ತಕ್ಕಡಿ ಹಿಡಿದ ದೇವಿ ಯಾರು?

ಪ್ರಶ್ನೆ: ರೋಮನ್ ಬೆಳ್ಳಿ ನಾಣ್ಯವೊಂದರ ಹಿಂಬದಿಯಲ್ಲಿ ನಿಂತಿರುವ ದೇವಿಯ ಎಡಗೈಯಲ್ಲಿ ಕೊಂಬು, ಬಲಗೈಯಲ್ಲಿ ತಕ್ಕಡಿ ಇದೆ. ಅಕ್ಷರ ಅರ್ಧ ಸವೆದಿದೆ. ಈಕೆ ಯಾರು?

ಉತ್ತರ: ಮೊದಲು ಕೊಂಬನ್ನು ಬದಿಗಿಡಿ. ಹಣ್ಣು ತುಂಬಿದ ಆ ಸಮೃದ್ಧಿಯ ಕೊಂಬು ಅನೇಕ ದೇವಿಯರ ಕೈಯಲ್ಲಿರುತ್ತದೆ. ನಮ್ಮ ಗುಡಿಗಳಲ್ಲಿ ಆಯುಧ ನೋಡಿ ಮೂರ್ತಿ ಗುರುತಿಸುವ ಹಾಗೆ ಇಲ್ಲಿ ಇನ್ನೊಂದು ಕೈಯನ್ನು ನೋಡಬೇಕು. ಚುಕ್ಕಾಣಿ ಇದ್ದರೆ ಅದೃಷ್ಟದ ಫಾರ್ಚೂನಾ, ಆಲಿವ್ ರೆಂಬೆ ಇದ್ದರೆ ಶಾಂತಿಯ ಪಾಕ್ಸ್. ಬಟ್ಟಲಿನಿಂದ ಹಾವಿಗೆ ಉಣಿಸುವವಳು ಆರೋಗ್ಯದ ಸಾಲುಸ್. ಹೂ ಹಿಡಿದು, ಇನ್ನೊಂದು ಕೈಯಿಂದ ನೆರಿಗೆ ಎತ್ತಿ ನಡೆಯುವವಳು ಭರವಸೆಯ ಸ್ಪೆಸ್. ಎಲ್ಲರಲ್ಲೂ ಸುಲಭವಾಗಿ ಗುರುತು ಸಿಗುವವಳು ಈ ಸ್ಪೆಸ್.

ತಕ್ಕಡಿಯಲ್ಲಿ ಮಾತ್ರ ತೊಡಕಿದೆ. ನ್ಯಾಯಬದ್ಧ ವ್ಯವಹಾರದ ಈಕ್ವಿಟಾಸ್, ಟಂಕಸಾಲೆಯ ಮೊನೇಟಾ ಇಬ್ಬರಿಗೂ ಅದೇ ತಕ್ಕಡಿ, ಅದೇ ಕೊಂಬು. ಮೊನೇಟಾ ಎಂಬುದು ಜೂನೋ ದೇವಿಯ ಬಿರುದು. ಟಂಕಸಾಲೆ ಆಕೆಯ ಗುಡಿಯ ಬಳಿಯಿದ್ದುದರಿಂದಲೇ ಇಂಗ್ಲಿಷಿನ ‘ಮನಿ’ ಹುಟ್ಟಿತು. ಇಬ್ಬರನ್ನೂ ಬೇರೆ ಮಾಡುವುದು ಅಂಚಿನ ಅಕ್ಷರ ಮಾತ್ರ. ದೀಪವನ್ನು ಪಕ್ಕದಿಂದ ಹಿಡಿದು, ನಾಣ್ಯವನ್ನು ನಿಧಾನ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ. ನೇರ ಬೆಳಕಿನಲ್ಲಿ ಕಾಣದ ಗೆರೆ ನೆರಳಿನಲ್ಲಿ ಏಳುತ್ತದೆ. ಆಗಲೂ ಓದಲಾಗದಿದ್ದರೆ ಮುಂಬದಿಯ ಚಕ್ರವರ್ತಿಯ ಹೆಸರು, ಬಿರುದುಗಳನ್ನು ಹಿಡಿದು ರೋಮನ್ ನಾಣ್ಯಗಳ ಪಟ್ಟಿಗಳಲ್ಲಿ ಹುಡುಕಿ.

ಅಕ್ಷರ ಓದಿದ ಮೇಲೂ ಎಚ್ಚರ ಬೇಕು. ಅದು ಯಾವಾಗಲೂ ದೇವಿಯ ಹೆಸರಲ್ಲ. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಗುವ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿರುವ ರೋಮನ್ ಚಕ್ರವರ್ತಿ ಟೈಬೀರಿಯಸನ (ಆಳ್ವಿಕೆ ಕ್ರಿ.ಶ. 14–37) ನಾಣ್ಯಗಳನ್ನೇ ನೋಡಿ. ಅವುಗಳಲ್ಲಿ ಹೆಚ್ಚಿನವುಗಳ ಹಿಂಬದಿಯಲ್ಲಿ ಕುಳಿತ ಹೆಂಗಸಿನ ಸುತ್ತ ‘ಪಾಂಟಿಫ್ ಮ್ಯಾಕ್ಸಿಮ್’ ಎಂದಿದೆ. ಅದು ಚಕ್ರವರ್ತಿಯ ಪ್ರಧಾನ ಅರ್ಚಕ ಪದವಿ. ಕೈಯಲ್ಲಿರುವ ರೆಂಬೆಯಿಂದ ಆಕೆಯನ್ನು ಪಾಕ್ಸ್ ಎನ್ನುತ್ತಾರೆ. ಪಾಕ್ಸ್ ರೂಪದಲ್ಲಿ ಕುಳಿತ ರಾಜಮಾತೆ ಲಿವಿಯಾ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಪ್ರಶ್ನೆ: ಕಪ್ಪಾದ ಬೆಳ್ಳಿ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಉತ್ತರ: ಖಂಡಿತ ಬೇಡ. ಹುಳಿ ಬೆಳ್ಳಿಯೊಳಗಿನ ತಾಮ್ರವನ್ನು ತಿನ್ನುತ್ತದೆ, ತಿಕ್ಕಿದಷ್ಟೂ ಮುಖದ ಗೆರೆ ಸವೆಯುತ್ತದೆ. ತಾಮ್ರದ ಮೇಲೆ ಬೆಳ್ಳಿ ತಗಡು ಹೊದಿಸಿದ ಆ ಕಾಲದ ಖೋಟಾ ನಾಣ್ಯಗಳೂ ಇವೆ. ಅವುಗಳ ತಗಡೇ ಎದ್ದು ಬರುತ್ತದೆ. ಅಂಚು ಮಾತ್ರ ಹಿಡಿದು ಎತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿಡಿ. ಮಣ್ಣು ಅಗೆಯುವಾಗ ಸಿಕ್ಕಿದ್ದಾದರೆ, ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.