ಮಂಡಿಯಲ್ಲಿ ಒಬ್ಬರು ಕುಸಿದು ಬಿದ್ದರೆ ಸುತ್ತ ನಿಂತವರು ಮೊದಲು ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ಹಮಾಲಿಯೊಬ್ಬರು ಕ್ರೇಟ್ ಸಮೇತ ಕುಸಿದರು. ಒಬ್ಬರು ಕೈಗೆ ಬೀಗದ ಕೈ ಹಿಡಿಸಿದರು, ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರು, ಮತ್ತೊಬ್ಬರು ಬಾಯಿಗೆ ನೀರು ಬಿಟ್ಟರು. ‘ಉಸಿರಾಡ್ತಾ ಇದಾರೆ, ಏನೂ ಆಗಲ್ಲ’ ಅಂತ ಹಿರಿಯರೊಬ್ಬರು ಹೇಳಿದರು. ಕೊನೆಗೆ ಗೂಡ್ಸ್ ಆಟೊಗೆ ಹಾಕಿಕೊಂಡು ಹೋದರು. ಇದರಲ್ಲಿ ಸರಿ ಯಾವುದು, ತಪ್ಪು ಯಾವುದು?

ಪ್ರಥಮ ಚಿಕಿತ್ಸೆ ಕಲಿಸುವವನಾಗಿ ಹೇಳುವುದಾದರೆ, ಬೀಗದ ಕೈ, ಈರುಳ್ಳಿಗಳಿಂದ ಹೊತ್ತು ಹಾಳು, ಅಷ್ಟೇ. ನೀರು ಅಪಾಯ. ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಆ ‘ಉಸಿರಾಡ್ತಾ ಇದಾರೆ’ ಅನ್ನುವ ಮಾತು. ಅದು ನಿಜವೋ ಅಲ್ಲವೋ ಎಂದು ಹತ್ತು ಸೆಕೆಂಡಿನಲ್ಲಿ ತೀರ್ಮಾನ ಮಾಡುವುದೇ ಸುತ್ತ ನಿಂತವರ ಮೊದಲ ಕೆಲಸ.

ಹತ್ತಿರ ಹೋಗುವ ಮುಂಚೆ ಒಂದು ಸಲ ಸುತ್ತ ನೋಡಿ. ಹಿಂದೆ ಬರುತ್ತಿರುವ ಲಾರಿ ಇದ್ದರೆ ನಿಲ್ಲಿಸಿ. ವೈರ್ ತಗುಲಿರುವ ಅನುಮಾನ ಇದ್ದರೆ ಮೇನ್ ಆಫ್ ಆಗುವ ತನಕ ಮುಟ್ಟಬೇಡಿ. ಆಮೇಲೆ ಮಂಡಿಯೂರಿ ಕೂತು ಎರಡೂ ಭುಜ ಗಟ್ಟಿಯಾಗಿ ತಟ್ಟಿ, ‘ಅಣ್ಣಾ, ಕಣ್ಣು ಬಿಡಿ’ ಅಂತ ಕಿವಿಯ ಹತ್ತಿರ ಜೋರಾಗಿ ಕರೆಯಿರಿ. ಕಣ್ಣು ಬಿಟ್ಟರೆ, ನರಳಿದರೆ, ಕೈ ತಳ್ಳಿದರೆ ನಿಮಗೆ ಸ್ವಲ್ಪ ಸಮಯವಿದೆ. ಏನೂ ಇಲ್ಲವೆಂದರೆ ಗುಂಪಿನತ್ತ ‘ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡ್ರಪ್ಪಾ’ ಅನ್ನಬೇಡಿ. ಹಾಗಂದರೆ ಪ್ರತಿಯೊಬ್ಬರೂ ಪಕ್ಕದವರು ಮಾಡುತ್ತಾರೆ ಅಂದುಕೊಂಡು ಸುಮ್ಮನಿರುತ್ತಾರೆ. ಒಬ್ಬರತ್ತ ಬೆರಳು ತೋರಿಸಿ: ‘ನೀಲಿ ಶರ್ಟ್ ಅಣ್ಣ, ನೀವು 108ಕ್ಕೆ ಮಾಡಿ, ಸ್ಪೀಕರ್ ಹಾಕಿ ನನ್ನ ಪಕ್ಕದಲ್ಲೇ ನಿಲ್ಲಿ.’ ಕೋಲಾರದಲ್ಲಿ ಅದನ್ನು ಕನ್ನಡದಲ್ಲಿ ಹೇಳಿದರೂ ಸರಿ, ತೆಲುಗಿನಲ್ಲಿ ಹೇಳಿದರೂ ಸರಿ, ಒಬ್ಬರಿಗೇ ಹೇಳಬೇಕು. 108 ಸಿಗದಿದ್ದರೆ 112. ಕರೆ ಎತ್ತುವವರಿಗೆ ‘ನಮ್ಮ ಮಂಡಿ ಹತ್ರ’ ಅಂದರೆ ಏನೂ ಗೊತ್ತಾಗುವುದಿಲ್ಲ. ಜಿಲ್ಲೆ, ಊರು, ಎಪಿಎಂಸಿ ಮಾರುಕಟ್ಟೆ, ಯಾವ ಗೇಟು, ಪಕ್ಕದ ಅಂಗಡಿಯ ಹೆಸರು, ಇದೇ ಕ್ರಮದಲ್ಲಿ ಹೇಳಿ. ಇನ್ನೊಬ್ಬರನ್ನು ಗೇಟಿಗೆ ಕಳಿಸಿ. ಹರಾಜಿನ ಹೊತ್ತಲ್ಲಿ ಲಾರಿಗಳ ನಡುವೆ ದಾರಿ ಬಿಡಿಸುವವರು ಇಲ್ಲದಿದ್ದರೆ ಆಂಬುಲೆನ್ಸ್ ಗೇಟಿನಲ್ಲೇ ನಿಲ್ಲುತ್ತದೆ. ಬಂಗಾರಪೇಟೆ ಕಡೆಗೋ ಮುಳಬಾಗಿಲು ಕಡೆಗೋ ರಸ್ತೆಯ ಮೇಲೆ ಆಗಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿ.

ಈಗ ಉಸಿರಿನ ವಿಷಯ. ಮುಖ ನೋಡಬೇಡಿ, ಎದೆ ನೋಡಿ. ಹಣೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ಎರಡು ಬೆರಳಿನಿಂದ ಗದ್ದದ ಮೂಳೆ ಮೇಲೆತ್ತಿ. ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿದ್ದರೆ ಇಷ್ಟಕ್ಕೇ ತೆರೆದುಕೊಳ್ಳುತ್ತದೆ. ಎದೆ ಹೊಟ್ಟೆ ಒಂದೇ ಸಮನೆ ಏರಿಳಿಯುತ್ತಿದೆಯಾ ಎಂದು ಹತ್ತರವರೆಗೆ ಎಣಿಸುತ್ತಾ ನೋಡಿ. ನಾಡಿ ಹುಡುಕುತ್ತಾ ಕೂರಬೇಡಿ. ಅಭ್ಯಾಸವಿಲ್ಲದವರಿಗೆ ಗಡಿಬಿಡಿಯಲ್ಲಿ ತಮ್ಮ ಬೆರಳಿನ ನಾಡಿಯೇ ರೋಗಿಯದೆಂದು ಅನ್ನಿಸಿಬಿಡುತ್ತದೆ.

ಹೃದಯ ನಿಂತ ಮೊದಲ ಕೆಲವು ನಿಮಿಷ ಬಹಳ ಜನರಲ್ಲಿ ಉಸಿರು ಪೂರ್ತಿ ನಿಂತಿರುವುದಿಲ್ಲ. ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು, ಗೊರಕೆಯಂಥ ಸದ್ದಿನ ಜೊತೆ ಒಮ್ಮೆ ಎಳೆಯುತ್ತಾರೆ. ಐದಾರು ಸೆಕೆಂಡ್ ಬಿಟ್ಟು ಇನ್ನೊಮ್ಮೆ. ದವಡೆ ಆಡುತ್ತದೆ, ಎದೆ ಅಷ್ಟಾಗಿ ಏಳುವುದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರೇ ಇದೆ: ಮೇಲುಸಿರು. ಮೇಲುಸಿರು ಬಂತೆಂದರೆ ತುಳಸಿ ನೀರು ಬಿಡುವ ರೂಢಿಯೂ ಇದೆ. ಹಾಸಿಗೆ ಹಿಡಿದು ಕಾಲ ಮುಗಿದ ಅಜ್ಜನ ವಿಷಯದಲ್ಲಿ ಅದು ಸರಿ. ಎರಡು ನಿಮಿಷದ ಹಿಂದೆ ಹದಿನೈದು ಕೆಜಿ ಕ್ರೇಟ್ ಹೊತ್ತು ಓಡಾಡುತ್ತಿದ್ದವರಲ್ಲಿ ಮೇಲುಸಿರು ಕಂಡರೆ ಅದು ಉಸಿರೂ ಅಲ್ಲ, ಕೊನೆಯೂ ಅಲ್ಲ. ಎದೆ ಒತ್ತಲು ಶುರು ಮಾಡಿ ಎಂಬ ಸೂಚನೆ. ಕರೆದರೆ ಓಗೊಡುತ್ತಿಲ್ಲ, ಉಸಿರು ಸಹಜವಾಗಿಲ್ಲ, ಇವೆರಡೇ ಸಾಕು. ಅನುಮಾನವಿದ್ದರೂ ಒತ್ತಿ. ಒತ್ತಿದ್ದು ಬೇಕಿರಲಿಲ್ಲ ಎಂದಾದರೆ ಅವರೇ ನರಳಿ ಕೈ ತಳ್ಳುತ್ತಾರೆ. ಬೇಕಿದ್ದಾಗ ಒತ್ತದಿದ್ದರೆ ನಾಲ್ಕೈದು ನಿಮಿಷದಲ್ಲಿ ಮಿದುಳು ಕೆಡಲು ಶುರುವಾಗುತ್ತದೆ. ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ಒತ್ತುವುದು ಹೀಗೆ. ಗೋಣಿಚೀಲದ ಅಟ್ಟಿಯ ಮೇಲೋ ಮಂಚದ ಮೇಲೋ ಒತ್ತಿದರೆ ಎದೆಯ ಬದಲು ಚೀಲ ತಗ್ಗುತ್ತದೆ, ಆದ್ದರಿಂದ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಬೆರಳು ಹೆಣೆದು ಮೇಲಕ್ಕೆತ್ತಿ. ಹೃದಯ ಎಡಕ್ಕಿದೆ ಅಂತ ಎಡಪಕ್ಕೆ ಒತ್ತುವುದು ಸಾಮಾನ್ಯ ತಪ್ಪು. ಮೊಣಕೈ ಮಡಚಬಾರದು, ನಿಮ್ಮ ಭುಜ ನೇರ ಅವರ ಎದೆಯ ಮೇಲಿರಬೇಕು. ಇದು ತೋಳಿನ ಬಲದ ಕೆಲಸವಲ್ಲ, ಮೈಭಾರದ ಕೆಲಸ; ತೋಳಲ್ಲೇ ಒತ್ತುವ ಗಟ್ಟಿಗರೂ ಒಂದು ನಿಮಿಷಕ್ಕೆ ಸುಸ್ತಾಗುತ್ತಾರೆ. ಆಳ 5ರಿಂದ 6 ಸೆಂಟಿಮೀಟರ್, ಹೆಚ್ಚುಕಮ್ಮಿ ಮೂರು ಬೆರಳಗಲ. ವೇಗ ನಿಮಿಷಕ್ಕೆ 100ರಿಂದ 120. ಮೂವತ್ತು ಎಣಿಸುವಷ್ಟರಲ್ಲಿ 15ರಿಂದ 18 ಸೆಕೆಂಡ್ ಆಗಿರಬೇಕು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ. ಹೃದಯದೊಳಗೆ ರಕ್ತ ತುಂಬುವುದು ಆಗಲೇ. ಎದೆಯ ಮೇಲೆ ಒರಗಿಕೊಂಡೇ ಒತ್ತುತ್ತಿದ್ದರೆ ಖಾಲಿ ಕೊಡ ಹಿಂಡಿದ ಹಾಗೆ.

‘ಕಟಕ್’ ಅಂತ ಸದ್ದು ಬಂದರೆ ಪಕ್ಕೆಲುಬು ಬಿಟ್ಟಿರಬಹುದು. ಕೈ ಸರಿಯಾದ ಜಾಗದಲ್ಲಿದೆಯಾ ನೋಡಿಕೊಂಡು ಮುಂದುವರಿಸಿ, ಮುರಿದ ಎಲುಬು ಕೂಡುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ಮುಂದಿನವರು ಎದುರು ಬದಿಯಲ್ಲಿ ಮಂಡಿಯೂರಿ ಸಿದ್ಧವಾಗಿದ್ದರೆ ನಡುವೆ ಐದು ಸೆಕೆಂಡೂ ಹೋಗುವುದಿಲ್ಲ. ಬಾಯಿಗೆ ಬಾಯಿಟ್ಟು ಊದಲು ಕಲಿತವರು 30 ಒತ್ತಿಗೆ 2 ಸಲ ಊದಲಿ. ಕಲಿಯದವರು, ಮನಸ್ಸಿಲ್ಲದವರು ಬರೀ ಒತ್ತುತ್ತಿದ್ದರೂ ದೊಡ್ಡವರಿಗೆ ಸಾಕು. ಮಕ್ಕಳಲ್ಲಿ, ಕೆರೆ ಕೃಷಿಹೊಂಡದಿಂದ ಎತ್ತಿದವರಲ್ಲಿ ಮಾತ್ರ ಊದುವುದು ಮುಖ್ಯ, ಯಾಕೆಂದರೆ ಅಲ್ಲಿ ಮೊದಲು ತಪ್ಪಿರುವುದು ಉಸಿರು. ಆಂಬುಲೆನ್ಸ್‌ನವರು ‘ಬಿಡಿ, ನಾವು ನೋಡ್ಕೋತೀವಿ’ ಅನ್ನುವ ತನಕ ನಿಲ್ಲಿಸಬೇಡಿ. ಹೃದಯ ನಿಂತವರನ್ನು ಗೂಡ್ಸ್ ಆಟೊದ ಹಿಂದೆ ಮಡಚಿ ಹಾಕಿಕೊಂಡು ಹೋದರೆ ಆಸ್ಪತ್ರೆ ತಲುಪುವವರೆಗೆ ಒತ್ತುವವರೇ ಇರುವುದಿಲ್ಲ. ಆಂಬುಲೆನ್ಸ್ ಬರುವ ಮಾತೇ ಇಲ್ಲವೆಂದಾದರೆ ಟೆಂಪೊದಲ್ಲಿ ಅಡ್ಡ ಮಲಗಿಸಿ, ಇಬ್ಬರು ಹತ್ತಿಕೊಂಡು ದಾರಿಯುದ್ದಕ್ಕೂ ಒತ್ತುತ್ತಾ ಹೋಗಿ.

ಫಿಟ್ಸ್ ಅಂದುಕೊಂಡು ಹಿಡಿಸುವ ಬೀಗದ ಕೈ ವಿಷಯಕ್ಕೆ ಬರೋಣ. ಫಿಟ್ಸ್ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಹುಡುಕಿ ತಂದು ಕೈಗಿಡುವ ಹೊತ್ತಿಗೆ ಅಷ್ಟು ಸಮಯ ಕಳೆದಿರುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಫಿಟ್ಸ್ ಬಂದವರ ತಲೆಯ ಕೆಳಗೆ ಟವೆಲ್ ಮಡಚಿಡಿ, ಪಕ್ಕದ ಕ್ರೇಟ್‌ಗಳನ್ನು ಸರಿಸಿ, ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ ತುರುಕಬೇಡಿ. ಹಲ್ಲು ಮುರಿದು ಗಂಟಲಿಗೆ ಹೋಗುತ್ತದೆ. ಅದುರು ನಿಂತ ಮೇಲೆ ಒಂದು ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ, ಜೀವನದಲ್ಲಿ ಮೊದಲ ಸಲವಾದರೆ 108.

ಇಲ್ಲೊಂದು ಮೋಸ ಇದೆ. ಹೃದಯ ನಿಂತ ಕ್ಷಣದಲ್ಲೂ ಮಿದುಳಿಗೆ ರಕ್ತ ತಪ್ಪಿ ಮೈ ಕೆಲವು ಸೆಕೆಂಡ್ ಅದುರಬಹುದು. ನಿಮ್ಮ ಮಂಡಿಯಲ್ಲಿ ಆದದ್ದೂ ಇದೇ ಇರಬಹುದು. ಅದಕ್ಕೇ ಅದುರು ನಿಂತ ಕೂಡಲೇ ಮತ್ತೆ ಎದೆ ನೋಡಬೇಕು. ಫಿಟ್ಸ್ ಮುಗಿದವರು ಗೊರಕೆ ಹೊಡೆಯುತ್ತಾ ಒಂದೇ ಸಮ ಉಸಿರಾಡುತ್ತಾರೆ. ಹೃದಯ ನಿಂತವರಿಗೆ ಉಳಿದಿರುವುದು ಆ ಮೇಲುಸಿರು ಮಾತ್ರ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಸುಮ್ಮನೆ ತಲೆಸುತ್ತಿ ಬಿದ್ದವರನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸುವುದೂ ಬೇಡ. ಮಿದುಳಿಗೆ ರಕ್ತ ಸಾಲದೆ ಬಿದ್ದಿದ್ದಾರೆ, ಮಲಗಿದ್ದರೆ ಅದು ತಾನೇ ಸರಿಹೋಗುತ್ತದೆ. ಕಾಲು ಒಂದು ಕ್ರೇಟ್ ಎತ್ತರಕ್ಕೆ ಏರಿಸಿ. ಸಕ್ಕರೆ ಕಾಯಿಲೆ ಇದ್ದು, ಬೆವರುತ್ತಾ ನಡುಗುತ್ತಾ ಇದ್ದರೆ, ಎಚ್ಚರವಿದ್ದು ನುಂಗಬಲ್ಲರಾದರೆ ಮಾತ್ರ, ಅರ್ಧ ಲೋಟ ನೀರಿಗೆ ಮೂರು ನಾಲ್ಕು ಟೀ ಚಮಚ ಸಕ್ಕರೆ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಆಸ್ಪತ್ರೆಗೆ. ಬಾಯಿ ಒಂದು ಕಡೆಗೆ ಎಳೆದಿದ್ದರೆ, ಒಂದು ಕೈ ಜೋತುಬಿದ್ದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಗುರುತಿಟ್ಟುಕೊಳ್ಳಿ, ಹೆಪ್ಪು ಕರಗಿಸುವ ಮದ್ದು ಕೊಡಲು ನಾಲ್ಕೂವರೆ ಗಂಟೆಯ ಗಡುವಿದೆ.

ಎಚ್ಚರವಿದ್ದು, ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ನೋವು ಹರಡಿ ತಣ್ಣಗೆ ಬೆವರುತ್ತಿದ್ದರೆ ‘ಗ್ಯಾಸ್ಟ್ರಿಕ್’ ಅಂತ ಸೋಡಾ ಕುಡಿಸಬೇಡಿ, ನಡೆಸಲೂ ಬೇಡಿ. ಒರಗಿ ಕೂರಿಸಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲವೆಂದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ಪಕ್ಕದ ಅಂಗಡಿಯವರು ತಮ್ಮ ಎದೆನೋವಿಗೆಂದು ಇಟ್ಟುಕೊಂಡ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ, ಬಿಪಿ ಕುಸಿಯಬಹುದು. ಇನ್ನೊಂದು ಮಾತು: ಎದೆನೋವು ಅಂದರೆ ಕಾರು ತೆಗೆದು ನೇರ ಬೆಂಗಳೂರಿಗೆ ಹೊರಡುವ ಚಾಳಿ ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಸುಮಾರು ಎಪ್ಪತ್ತು ಕಿಲೋಮೀಟರ್, ಅದರ ಮೇಲೆ ಕೆ.ಆರ್. ಪುರದ ಟ್ರಾಫಿಕ್. ಮೊದಲು ಇಲ್ಲಿಯ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೋ ಹತ್ತಿರದ ಬೇರೆ ಆಸ್ಪತ್ರೆಯಲ್ಲೋ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು, ಜಿಲ್ಲಾ ಆಸ್ಪತ್ರೆಗಳನ್ನು ಜಯದೇವದಂಥ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಎಷ್ಟು ಬೇಗ ಸಿಕ್ಕಿತೋ ಅಷ್ಟು ಹೃದಯ ಉಳಿಯುತ್ತದೆ. ಬೆಂಗಳೂರಿಗೆ ಆಮೇಲೂ ಹೋಗಬಹುದು.

ಪೊಲೀಸ್, ಕೋರ್ಟ್ ಅಂತ ಹಿಂಜರಿಯುವವರಿಗೆ: ಕರ್ನಾಟಕದಲ್ಲಿ ನೆರವಿಗೆ ಬಂದವರ ರಕ್ಷಣೆಗೆ 2016ರ ಕಾಯ್ದೆ ಇದೆ. ರಸ್ತೆ ಅಪಘಾತಕ್ಕಾದರೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಕೂಡ ಇದೆ. ಸಹಾಯ ಮಾಡಿದವರು ಹೆಸರು ವಿಳಾಸ ಕೊಡಲೇಬೇಕೆಂಬ ಬಲವಂತವಿಲ್ಲ.

ಹೊರಡುವಾಗ ಕಂಡವರೊಬ್ಬರು ಜೊತೆಗೆ ಹೋಗಲಿ. ಎಷ್ಟು ಗಂಟೆಗೆ ಬಿದ್ದರು, ಅದುರಿದರಾ, ಎಷ್ಟು ಹೊತ್ತಿಗೆ ಒತ್ತಲು ಶುರು ಮಾಡಿದಿರಿ, ಇಷ್ಟನ್ನು ಡಾಕ್ಟರಿಗೆ ಹೇಳಬೇಕು. ಜೇಬಿನಲ್ಲಿ ಮಾತ್ರೆಯ ಪಟ್ಟಿ ಸಿಕ್ಕರೆ ಅದನ್ನೂ ಕೈಗೆ ಕೊಡಿ.