ಕಿರಣ ಡಿಎನ್‌ಎಗೆ ಬಡಿಯುತ್ತಾ, ನೀರಿಗೆ ಬಡಿಯುತ್ತಾ?

ಪ್ರಶ್ನೆ: ಅವ್ವನಿಗೆ ಬೆಳಗಾವಿಯಲ್ಲಿ ರೇಡಿಯೇಶನ್ ನಡೆದಿದೆ. ಕಿರಣ ಗಡ್ಡೆಯ ಡಿಎನ್‌ಎ ಕೆಡಿಸುತ್ತೆ ಅಂದರು. ನನ್ನ ಬಿಎಸ್ಸಿ ಪುಸ್ತಕದಲ್ಲಿ ನೀರು ಒಡೆಯುತ್ತೆ ಅಂತಿದೆ. ಯಾವುದು ಸರಿ?
– ಓದುಗರು, ವಿಜಯಪುರ

ಉತ್ತರ: ಎರಡೂ ಸರಿ. ಜೀವಕೋಶದಲ್ಲಿ ನೀರೇ ಜಾಸ್ತಿ ಅಲ್ವಾ, ಹಾಗಾಗಿ ಎಕ್ಸ್‌ರೇಯ ಹೆಚ್ಚಿನ ಶಕ್ತಿ ನೀರಿಗೇ ಹೋಗುತ್ತದೆ. ನೀರು ಒಡೆದು ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಅದರಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ, ಸುಮ್ನೆ ಕೂರುವ ಜಾತಿಯಲ್ಲ, ಎದುರಿಗೆ ಸಿಕ್ಕಿದ್ದರ ಜೊತೆ ಆ ಕ್ಷಣವೇ ಸೇರಿಕೊಳ್ಳುತ್ತದೆ.

ಡಿಎನ್‌ಎಯ ಅಕ್ಷರಗಳಂತಿರುವ ನಾಲ್ಕು ಬೇಸ್‌ಗಳಲ್ಲಿ ಒಂದಾದ ಥೈಮಿನ್ ಸಿಕ್ಕರೆ ನೋಡಿ. ಅದರ ಉಂಗುರದ 5 ಮತ್ತು 6ನೇ ಕಾರ್ಬನ್ ನಡುವಿನ ಜೋಡಿ ಬಂಧಕ್ಕೆ ಕೈಹಾಕುತ್ತದೆ, 5ನೇ ಕಾರ್ಬನ್‌ಗೆ ಅಂಟುವುದೇ ಹೆಚ್ಚು. ಈಗ ಥೈಮಿನ್ನೇ ರಾಡಿಕಲ್ ಆಯಿತು. ಹತ್ತಿರ ಆಕ್ಸಿಜನ್ ಇದ್ದರೆ ಅದೂ ಬಂದು ಕೂಡಿ ಪೆರಾಕ್ಸಿಲ್ ರಾಡಿಕಲ್ ಆಗುತ್ತದೆ, ಆಮೇಲೆ ಹಳೆಯ ಥೈಮಿನ್ ವಾಪಸ್ ಬರುವುದು ಕಷ್ಟ. ಆಕ್ಸಿಜನ್ ಕಡಿಮೆ ಇರುವ ಗಡ್ಡೆ ಕಿರಣಕ್ಕೆ ಬೇಗ ಬಗ್ಗದಿರಲು ಇದೂ ಒಂದು ಕಾರಣ. ಗ್ವಾನಿನ್ ಎಂಬ ಇನ್ನೊಂದು ಬೇಸ್ ಕೆಟ್ಟರೆ 8-ಆಕ್ಸೋಗ್ವಾನಿನ್ ಆಗಿ, ತನ್ನ ಮಾಮೂಲಿ ಜೋಡಿ ಸೈಟೊಸಿನ್ ಬದಲು ಅಡೆನಿನ್ ಜೊತೆ ಜೋಡಿಯಾಗಬಹುದು. ರಾಡಿಕಲ್ ಡಿಎನ್‌ಎ ಎಳೆಯಲ್ಲಿರುವ ಸಕ್ಕರೆಯ ಭಾಗದಿಂದ ಹೈಡ್ರೋಜನ್ ಕಿತ್ತರೆ ಎಳೆಯೇ ತುಂಡಾಗಬಹುದು, ಎರಡೂ ಎಳೆ ಅಕ್ಕಪಕ್ಕದಲ್ಲಿ ತುಂಡಾದರಂತೂ ಕೋಶಕ್ಕೆ ಬಹಳ ಕಷ್ಟ.

ಕೆಟ್ಟ ಬೇಸ್ ಕತ್ತರಿಸಿ ಸರಿಪಡಿಸುವ ವ್ಯವಸ್ಥೆ ನಮ್ಮ ಕೋಶಗಳಲ್ಲೇ ಇದೆ. ಅದನ್ನು ಕಂಡುಕೊಂಡ ಟೊಮಾಸ್ ಲಿಂಡಾಲ್‌ಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಡೋಸನ್ನು ದಿನಕ್ಕಿಷ್ಟು ಅಂತ ಹಂಚಿ ಕೊಡುವುದರಿಂದ ಒಳ್ಳೆಯ ಕೋಶಗಳಿಗೆ ರಿಪೇರಿಗೆ ಸಮಯ ಸಿಗುತ್ತದೆ.

ಇನ್ನೊಂದು ಮಾತು. ಮಷೀನಿನಿಂದ ಹೊರಗಡೆಯಿಂದ ಕೊಡುವ ಕಿರಣವಾದರೆ ಅದು ಅವ್ವನ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಲಿ.